ಅಥ್ಲೆಟಿಕ್ಸ್: ಗೆದ್ದಾಗಲೆಲ್ಲ ಮಾರಾಟವಾದ ತಂಡ

ಅಮೆರಿಕದ ಅಥ್ಲೆಟಿಕ್ಸ್ ಬೇಸ್‌ಬಾಲ್ ತಂಡ ಒಂಬತ್ತು ಸಲ ವರ್ಲ್ಡ್ ಸೀರೀಸ್, ಅಂದರೆ ವರ್ಷದ ಕೊನೆಯ ಫೈನಲ್ ಸರಣಿ, ಗೆದ್ದಿದೆ. ಗೆದ್ದ ಬೆನ್ನಲ್ಲೇ ನೆಲಕಚ್ಚಿದ್ದೂ ಉಂಟು, ಅದೂ ಮೂರು ಸಲ. ಮೂರು ಸಲವೂ ತಂಡವನ್ನು ಕೆಡವಿದ್ದು ಎದುರಾಳಿಗಳಲ್ಲ, ದುಡ್ಡಿನ ಲೆಕ್ಕ.

ತಂಡ ಶುರುವಾಗಿದ್ದು 1901ರಲ್ಲಿ, ಫಿಲಡೆಲ್ಫಿಯಾದಲ್ಲಿ. ಅಂದಿನಿಂದ 1950ರವರೆಗೆ, ಅಂದರೆ ಐವತ್ತು ಸೀಸನ್, ಒಬ್ಬನೇ ಮ್ಯಾನೇಜರ್: ತಂಡದ ಪಾಲುದಾರನೂ ಆಗಿದ್ದ ಕಾನಿ ಮ್ಯಾಕ್. 1910, 1911, 1913ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ಅವನ ತಂಡದ ಇನ್‌ಫೀಲ್ಡ್‌ಗೆ (ಬೇಸ್‌ಗಳ ಸುತ್ತ ಫೀಲ್ಡಿಂಗ್ ಮಾಡುವ ನಾಲ್ವರಿಗೆ) 'ಲಕ್ಷ ಡಾಲರ್ ಇನ್‌ಫೀಲ್ಡ್' ಎಂದೇ ಹೆಸರು. 1914ರಲ್ಲೂ 99 ಪಂದ್ಯ ಗೆದ್ದು ಫೈನಲ್‌ಗೆ ಬಂದರು. ಬಾಸ್ಟನ್ ಬ್ರೇವ್ಸ್ ಎದುರು ನಾಲ್ಕಕ್ಕೆ ನಾಲ್ಕೂ ಸೋತರು. ಅದೇ ಹೊತ್ತಿಗೆ ಫೆಡರಲ್ ಲೀಗ್ ಎಂಬ ಹೊಸ ಲೀಗ್ ಹುಟ್ಟಿ ಆಟಗಾರರಿಗೆ ದೊಡ್ಡ ಸಂಬಳದ ಆಸೆ ತೋರಿಸುತ್ತಿತ್ತು. ಚೆಂಡೆಸೆಯುವ ಪಿಚರ್‌ಗಳಾದ ಪ್ಲ್ಯಾಂಕ್, ಬೆಂಡರ್ ಅಲ್ಲಿಗೆ ಹೋದರು. ಇನ್‌ಫೀಲ್ಡ್‌ನ ಎಡಿ ಕಾಲಿನ್ಸ್‌ನನ್ನು ಮ್ಯಾಕ್ 50,000 ಡಾಲರ್‌ಗೆ ಶಿಕಾಗೋಗೆ ಮಾರಿದ. ಮರುವರ್ಷ 43 ಗೆಲುವು, 109 ಸೋಲು. 1916ರಲ್ಲಿ ಇನ್ನೂ ಕೆಟ್ಟು 36 ಗೆಲುವು, 117 ಸೋಲು.

ಮ್ಯಾಕ್ ಜಿಪುಣ ಎನ್ನುವವರು ಬಹಳ ಮಂದಿ. ಪೂರ್ತಿ ಒಪ್ಪುವುದು ಕಷ್ಟ. ಆಗ ತಂಡದ ಮುಖ್ಯ ಆದಾಯ ಟಿಕೆಟ್ ಮಾರಾಟ. ದುಡಿಯುವ ಜನಕ್ಕೆ ಬಿಡುವಿದ್ದದ್ದು ಭಾನುವಾರ. ಆದರೆ ಫಿಲಡೆಲ್ಫಿಯಾದಲ್ಲಿ ಭಾನುವಾರದ ಆಟಕ್ಕೆ ಕಾನೂನಿನ ಒಪ್ಪಿಗೆ ಸಿಕ್ಕಿದ್ದು 1934ರ ಸೀಸನ್‌ಗೆ. ಅಷ್ಟರಲ್ಲಿ ಆಟಗಾರರ ಎರಡನೇ ಮಾರಾಟ ಬಹುಪಾಲು ಮುಗಿದಿತ್ತು.

ಮ್ಯಾಕ್ ಕಟ್ಟಿದ ಆ ಎರಡನೇ ತಂಡ ಮೊದಲಿನದಕ್ಕಿಂತ ಬಲಿಷ್ಠ. 1929ರಲ್ಲಿ 104, 1930ರಲ್ಲಿ 102, 1931ರಲ್ಲಿ 107 ಗೆಲುವು; ಮೊದಲೆರಡು ವರ್ಷ ವರ್ಲ್ಡ್ ಸೀರೀಸ್ ಕೂಡ. ಆರ್ಥಿಕ ಕುಸಿತದಲ್ಲಿ ಪ್ರೇಕ್ಷಕರು ಕರಗಿದರು, ಸಾಲ ಉಳಿಯಿತು. 1932ರಲ್ಲಿ ಬ್ಯಾಟರ್ ಸಿಮನ್ಸ್ ಜೊತೆ ಇನ್ನಿಬ್ಬರು 1,00,000 ಡಾಲರ್‌ಗೆ ಹೋದರು. 1933ರ ಡಿಸೆಂಬರ್‌ನಲ್ಲಿ ಕ್ಯಾಚರ್ ಕಾಕ್ರೇನ್ ಡೆಟ್ರಾಯಿಟ್‌ಗೆ, ಪಿಚರ್ ಗ್ರೋವ್ ಬಾಸ್ಟನ್‌ಗೆ. 1935ರಲ್ಲಿ ಬ್ಯಾಟರ್ ಫಾಕ್ಸ್ ಕೂಡ ಬಾಸ್ಟನ್‌ಗೆ. 1935ರಿಂದ 1946ರವರೆಗಿನ ಹನ್ನೆರಡು ಸೀಸನ್‌ಗಳಲ್ಲಿ ಒಂಬತ್ತರಲ್ಲಿ ಕೊನೇ ಸ್ಥಾನ.

1955ರಲ್ಲಿ ತಂಡ ಕಾನ್ಸಾಸ್ ಸಿಟಿಗೆ ಹೋಯಿತು. ಅಲ್ಲಿನ ಹದಿಮೂರು ಸೀಸನ್‌ಗಳ ಪೈಕಿ ಒಂದರಲ್ಲೂ ಸೋಲಿಗಿಂತ ಗೆಲುವು ಹೆಚ್ಚಿರಲಿಲ್ಲ. ನ್ಯೂಯಾರ್ಕ್‌ನ ಯಾಂಕೀಸ್ ತಂಡಕ್ಕೆ ಒಳ್ಳೆಯ ಆಟಗಾರರನ್ನು ಸಾಗಿಸುವುದೇ ಕೆಲಸವೇನೋ ಎಂಬಂತಿತ್ತು; 1961ರಲ್ಲಿ 61 ಹೋಮ್ ರನ್ (ಸಾಮಾನ್ಯವಾಗಿ ಚೆಂಡನ್ನು ಮೈದಾನದಾಚೆ ಕಳಿಸುವ ಹೊಡೆತ) ಹೊಡೆದ ರೋಜರ್ ಮ್ಯಾರಿಸ್ ಹೋದದ್ದೂ ಇಲ್ಲಿಂದಲೇ.

1968ರಲ್ಲಿ ಮಾಲೀಕ ಚಾರ್ಲಿ ಫಿನ್ಲಿ ತಂಡವನ್ನು ಓಕ್ಲಂಡ್‌ಗೆ ತಂದ. 1972, 73, 74, ಸತತ ಮೂರು ವರ್ಲ್ಡ್ ಸೀರೀಸ್. ಆಗಿನ ಕರಾರುಗಳಲ್ಲಿ 'ರಿಸರ್ವ್' ಎಂಬ ಷರತ್ತಿತ್ತು: ಅವಧಿ ಮುಗಿದರೂ ಆಟಗಾರನ ಹಕ್ಕು ತಂಡದ್ದೇ. ಹಾಗಾಗಿ ಕಡಿಮೆ ಸಂಬಳದಲ್ಲೇ ಚಾಂಪಿಯನ್ನರನ್ನು ಇಟ್ಟುಕೊಳ್ಳಬಹುದಿತ್ತು. ಎಡವಟ್ಟಾದದ್ದು ಪಿಚರ್ ಕ್ಯಾಟ್‌ಫಿಶ್ ಹಂಟರ್‌ನ ಕರಾರಿನಲ್ಲಿ. ಸಂಬಳದ ಅರ್ಧ, 50,000 ಡಾಲರ್, ವಿಮಾ ಯೋಜನೆಗೆ ಕಟ್ಟಬೇಕಿತ್ತು, ಫಿನ್ಲಿ ಕಟ್ಟಲಿಲ್ಲ. ಮಧ್ಯಸ್ಥಗಾರ ಪೀಟರ್ ಸೈಟ್ಸ್ 1974ರ ಡಿಸೆಂಬರ್‌ನಲ್ಲಿ ಕರಾರೇ ಮುರಿದಿದೆ ಎಂದ. ಹಂಟರ್ ಯಾಂಕೀಸ್ ಸೇರಿದ. ಮರುವರ್ಷ ಬೇರೊಂದು ಪ್ರಕರಣದಲ್ಲಿ ಅದೇ ಸೈಟ್ಸ್ ರಿಸರ್ವ್ ಷರತ್ತಿನ ಬೆನ್ನೆಲುಬನ್ನೇ ಮುರಿದ.

ಉಳಿದವರೂ ಕೈತಪ್ಪುತ್ತಾರೆಂದು ಗೊತ್ತಾಗಿ ಫಿನ್ಲಿ 1976ರ ಜೂನ್‌ನಲ್ಲಿ ಮ್ಯಾಕ್‌ನ ದಾರಿ ಹಿಡಿದ: ರೂಡಿ, ಫಿಂಗರ್ಸ್ ತಲಾ 10 ಲಕ್ಷ ಡಾಲರ್‌ಗೆ ಬಾಸ್ಟನ್‌ಗೆ, ವೈಡಾ ಬ್ಲೂ 15 ಲಕ್ಷಕ್ಕೆ ಯಾಂಕೀಸ್‌ಗೆ. ಬೇಸ್‌ಬಾಲ್ ಆಡಳಿತದ ಮುಖ್ಯಸ್ಥ, ಕಮಿಷನರ್ ಬೋವಿ ಕೂನ್ ಆಟದ ಹಿತದ ಹೆಸರಲ್ಲಿ ಮಾರಾಟ ರದ್ದು ಮಾಡಿದ. ಮ್ಯಾಕ್ ಮಾಡಿದಾಗ ಇಲ್ಲದ ತಪ್ಪು ಫಿನ್ಲಿ ಮಾಡಿದಾಗ ಎಲ್ಲಿಂದ ಬಂತೋ! ಸೀಸನ್ ಮುಗಿದದ್ದೇ ರೂಡಿ, ಫಿಂಗರ್ಸ್ ಇಬ್ಬರೂ ಕರಾರಿನಿಂದ ಬಿಡುಗಡೆಯಾಗಿ ಹೊರಟರು. ಫಿನ್ಲಿಗೆ ಬಿಡಿಗಾಸೂ ದಕ್ಕಲಿಲ್ಲ. 1979ರಲ್ಲಿ 108 ಸೋಲು, ಇಡೀ ವರ್ಷಕ್ಕೆ 3,06,763 ಪ್ರೇಕ್ಷಕರು.

1980ರಲ್ಲಿ ತಂಡವನ್ನು ಕೊಂಡ ಹಾಸ್ ಕುಟುಂಬ ಕೈಬಿಚ್ಚಿ ಖರ್ಚು ಮಾಡಿತು. 1989ರಲ್ಲಿ, ಭೂಕಂಪದಿಂದ ಹತ್ತು ದಿನ ನಿಂತುಹೋದ ಸೀರೀಸ್‌ನಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದ ಜೈಂಟ್ಸ್ ವಿರುದ್ಧ ಗೆದ್ದರು. ಕೈ ಮತ್ತೆ ಬಿಗಿಯಾದ ಮೇಲೆ ತಂಡದ ಜನರಲ್ ಮ್ಯಾನೇಜರ್ ಬಿಲ್ಲಿ ಬೀನ್ ಬೇರೆ ಉಪಾಯ ಹುಡುಕಿದ. ಹೊಡೆದು ಓಡಿದರೂ, ವಾಕ್ (ಪಿಚರ್ ನಾಲ್ಕು ಕೆಟ್ಟ ಎಸೆತ ಹಾಕಿದರೆ ಬ್ಯಾಟರ್‌ಗೆ ಪುಕ್ಕಟೆ ಸಿಗುವ ಮೊದಲ ಬೇಸ್) ಪಡೆದು ನಡೆದರೂ ಬೇಸ್ ತಲುಪಿದರೆ ಆಯಿತು. ಮಾರುಕಟ್ಟೆ ಮಾತ್ರ ವಾಕ್‌ಗೆ ಬೆಲೆ ಕೊಡುತ್ತಿರಲಿಲ್ಲ. ಅಂಥವರನ್ನು ಅಗ್ಗಕ್ಕೆ ಕೊಂಡು, ಒಳ್ಳೆಯ ಪಿಚರ್‌ಗಳ ಬಲವೂ ಸೇರಿ, 2002ರಲ್ಲಿ ಸತತ 20 ಪಂದ್ಯ ಗೆದ್ದರು. ಶ್ರೀಮಂತ ತಂಡಗಳು ಇದೇ ಲೆಕ್ಕ ಕಲಿತ ಮೇಲೆ ಅಗ್ಗದ ಆಟಗಾರರು ಅಗ್ಗವಾಗಿ ಉಳಿಯಲಿಲ್ಲ.

ಓಕ್ಲಂಡ್‌ನಲ್ಲಿ ಕೊನೆಯ ಪಂದ್ಯ ನಡೆದದ್ದು 2024ರ ಸೆಪ್ಟೆಂಬರ್ 26ರಂದು. 2025ರಿಂದ ವೆಸ್ಟ್ ಸ್ಯಾಕ್ರಮೆಂಟೊದ, ಕೆಳಹಂತದ ಮೈನರ್ ಲೀಗ್‌ಗೆಂದು ಕಟ್ಟಿದ ಪುಟ್ಟ ಮೈದಾನದಲ್ಲಿ ಆಟ. ಲಾಸ್ ವೇಗಸ್‌ಗೆ ಹೋಗುವ ತನಕ ತಂಡದ ಹೆಸರಿನ ಹಿಂದೆ ಯಾವ ಊರೂ ಇಲ್ಲ, ಬರೀ ಅಥ್ಲೆಟಿಕ್ಸ್.