ಬ್ಯಾಂಕಾಕ್‌ನಲ್ಲಿ ಕೊನೆಯ ದಿನ: ರಸ್ತೆ ಬಿಟ್ಟು ನೀರು ಹಿಡಿದೆವು

ಹದಿನೆಂಟು ದಿನದ ತಿರುಗಾಟ ಮುಗಿಯುವ ಹೊತ್ತಿಗೆ ನಮ್ಮ ಬಳಿ ಉಳಿದಿದ್ದು ಒಂದು ಹಗಲು, ಎರಡೂವರೆ ಸಾವಿರ ಬಾಟ್ ಮತ್ತು ತಲಾ ಒಂದು ಜೊತೆ ಒಗೆದ ಬಟ್ಟೆ. ವಿಮಾನ ರಾತ್ರಿ ಹತ್ತೂವರೆಗೆ. ನಲವತ್ತು ದಾಟಿದ ಮೇಲೆ ಬೆನ್ನಿಗೆ ಚೀಲ ಹಾಕಿಕೊಂಡು ಹೊರಟವರು ನಾವು. ಕೊನೆಯ ದಿನಕ್ಕೆ ಮಂಡಿಯೂ ಕಿಸೆಯೂ ಒಂದೇ ಸ್ಥಿತಿಯಲ್ಲಿದ್ದವು.

ಹಿಂದಿನ ದಿನ ಒಂದು ಪಾಠವಾಗಿತ್ತು. ಸಂಜೆ ಮಳೆ ಬಂತೆಂದು ಚೈನಾಟೌನ್‌ನಿಂದ ಟ್ಯಾಕ್ಸಿ ಹತ್ತಿದೆವು. ಮೂರ್ನಾಲ್ಕು ಕಿಲೋಮೀಟರ್ ಹಾದಿಗೆ ಮುಕ್ಕಾಲು ಗಂಟೆ. ಒಂದು ಸಿಗ್ನಲ್ಲಿನಲ್ಲಿ ನಿಂತು ನಮ್ಮ ಸಿಲ್ಕ್ ಬೋರ್ಡನ್ನು ನೆನೆಯುತ್ತಾ ಕೂತಿದ್ದಾಗ ನಮ್ಮನೆಯವರು ಹೇಳಿದ್ದು: "ನಾಳೆ ಏನೇ ಆಗ್ಲಿ, ಚಕ್ರ ಇರೋ ಗಾಡಿ ಹತ್ತೋದು ಬೇಡ." ವಿಮಾನ ಹಿಡಿಯುವ ದಿನಕ್ಕೆ ಇದಕ್ಕಿಂತ ಒಳ್ಳೆಯ ಯೋಜನೆ ನನಗೂ ಹೊಳೆಯಲಿಲ್ಲ. ದೋಣಿ, ಕಾಲುನಡಿಗೆ, ಕೊನೆಗೊಂದು ರೈಲು, ಅಷ್ಟೇ. (ರೈಲಿಗೂ ಚಕ್ರ ಇದೆ ಅಂತ ನಾನು ಹೇಳಲಿಲ್ಲ.)

ನಾವು ಉಳಿದಿದ್ದು ಖಾವ್ ಸಾನ್ ರಸ್ತೆಯ ಹಿಂಬದಿಯ ಗೆಸ್ಟ್‌ಹೌಸ್‌ನಲ್ಲಿ. ಖಾವ್ ಸಾನ್ ಎಂದರೆ ಅಕ್ಕಿ; ಒಂದು ಕಾಲಕ್ಕೆ ಅಕ್ಕಿ ವ್ಯಾಪಾರದ ಬೀದಿ. ಚೆಕ್‌ಔಟ್ ಹನ್ನೆರಡಕ್ಕೆ. ಆದರೆ ಅಲ್ಲಿಯವರೆಗೆ ಕಾದರೆ ದಿನ ಎರಡು ತುಂಡಾಗುತ್ತದೆ. ಬೆಳಿಗ್ಗೆ ಏಳಕ್ಕೇ ರೂಮು ಖಾಲಿ ಮಾಡಿ, ಚೀಲ ಕೌಂಟರಿನಲ್ಲಿ ಕೊಟ್ಟು ಹೊರಡಿ. ಜೊತೆಗೆ ಒಂದು ಮಾತು ಕೇಳಿಕೊಳ್ಳಿ: ಸಂಜೆ ಬಂದಾಗ ಸ್ನಾನಕ್ಕೆ ಬಿಡುತ್ತೀರಾ ಎಂದು. ನಮ್ಮಲ್ಲಿ ತಲೆಗೆ 50 ಬಾಟ್ ತಗೊಂಡರು. ಒಂದು ಬಾಟ್‌ಗೆ ಹೆಚ್ಚುಕಡಿಮೆ ಎರಡೂ ಮುಕ್ಕಾಲು ರೂಪಾಯಿ ಅಂತ ಲೆಕ್ಕ ಹಾಕಿ ನಾನು ಮೊದಲು ಗೊಣಗಿದೆ. ಸಂಜೆ ಆ ತಣ್ಣೀರು ಮೈಮೇಲೆ ಬಿದ್ದಾಗ ಐನೂರು ಕೊಡಬಹುದಿತ್ತು ಅನ್ನಿಸಿತು.

ಅಲ್ಲಿಂದ ಹತ್ತು ನಿಮಿಷ ನಡೆದರೆ ಚಾವೊ ಫ್ರಾಯಾ ನದಿಯ ಫ್ರಾ ಅಥಿತ್ ದೋಣಿಕಟ್ಟೆ. ಅಥಿತ್ ಅಂದರೆ ನಮ್ಮ ಆದಿತ್ಯನೇ. ಅಲ್ಲಿ ಬಾವುಟದ ಬಣ್ಣ ನೋಡಿ ಹತ್ತಬೇಕು. ಕಿತ್ತಳೆ ಬಾವುಟದ ದೋಣಿ ಊರಿನವರದ್ದು, ಎಲ್ಲಿಗೆ ಹೋದರೂ 16 ಬಾಟ್. ನೀಲಿ ಬಾವುಟದ್ದು ಪ್ರವಾಸಿಗರದ್ದು, ದರ ಹೆಚ್ಚು. ಎರಡೂ ಹೋಗುವುದು ಅದೇ ನೀರಿನ ಮೇಲೆ. ಯೂನಿಫಾರ್ಮ್ ಹಾಕಿದ ಮಕ್ಕಳು, ಆಫೀಸಿನವರ ನಡುವೆ ನಿಂತು ನಾವು ಥಾ ತಿಯನ್ ಕಟ್ಟೆಯಲ್ಲಿ ಇಳಿದೆವು.

ಗ್ರ್ಯಾಂಡ್ ಪ್ಯಾಲೇಸ್ ಹತ್ತಿರವೇ ಇದೆ. ಕೊನೆಯ ದಿನಕ್ಕೆ ಮಾತ್ರ ಅದನ್ನು ಇಟ್ಟುಕೊಳ್ಳಬೇಡಿ. ತಲೆಗೆ 500 ಬಾಟ್, ಅರ್ಧ ದಿನದ ಕೆಲಸ, ನೆರಳು ಕಡಿಮೆ. ಅಲ್ಲಿನ ಮೊಸಾಯಿಕ್, ಆವರಣದ ಗೋಡೆಯುದ್ದಕ್ಕೂ ಥಾಯ್ ರಾಮಾಯಣದ ಚಿತ್ರಗಳು, ಇವನ್ನು ಓಡುತ್ತಾ ನೋಡುವುದು ಅನ್ಯಾಯ. ನಾವು ಮೊದಲ ದಿನವೇ ನೋಡಿದ್ದೆವು. ಹೊರಗೆ ಒಳ್ಳೆಯ ಅಂಗಿ ತೊಟ್ಟ ಯಾರೋ ಬಂದು "ಇವತ್ತು ಅರಮನೆ ಮುಚ್ಚಿದೆ, ಬೇರೆ ದೇವಸ್ಥಾನ ತೋರಿಸ್ತೀನಿ" ಎಂದರೆ ನಕ್ಕು ಮುಂದೆ ನಡೆಯಿರಿ. ಆ ತುಕ್‌ತುಕ್ ಕೊನೆಗೆ ನಿಲ್ಲುವುದು ಒಡವೆ ಅಂಗಡಿ, ದರ್ಜಿ ಅಂಗಡಿ ಮುಂದೆ.

ನಮ್ಮ ಗುರಿ ವಾಟ್ ಫೋ ಎಂಬ ಬೌದ್ಧ ಗುಡಿ. ಎಂಟಕ್ಕೆ ಬಾಗಿಲು ತೆಗೆಯುತ್ತಾರೆ, 300 ಬಾಟ್. ಟೂರ್ ಬಸ್ಸುಗಳು ಬರುವ ಮೊದಲು ಒಳಗಿದ್ದರೆ 46 ಮೀಟರ್ ಉದ್ದ ಮಲಗಿರುವ ಬುದ್ಧನ ಜೊತೆ ಕೊಂಚ ಹೊತ್ತು ನೀವಷ್ಟೇ ಇರಬಹುದು. ಎಲ್ಲರೂ ಮುಖದ ಫೋಟೋಗೆ ನುಗ್ಗುತ್ತಾರೆ. ನೀವು ಪಾದದ ಕಡೆ ಹೋಗಿ. ಅಂಗಾಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿ ಮಾಡಿದ 108 ಮಂಗಳ ಚಿಹ್ನೆಗಳಿವೆ. ಬೆನ್ನ ಹಿಂದೆ 108 ಕಂಚಿನ ಬಟ್ಟಲುಗಳ ಸಾಲು. ಇಪ್ಪತ್ತು ಬಾಟ್ ಕೊಟ್ಟು ಚಿಲ್ಲರೆ ಪಡೆದು ಒಂದೊಂದರಲ್ಲೂ ಒಂದೊಂದು ನಾಣ್ಯ ಹಾಕುತ್ತಾ ಹೋಗಬೇಕು. ಆ ಟಣ್ ಟಣ್ ಸದ್ದು ಮಾತ್ರ ಇಡೀ ಪ್ರವಾಸದಲ್ಲಿ ನನಗೆ ಮರೆಯದ ಸದ್ದು. ಮನೆಯವರಿಗೆ ಕೊನೆಯ ಐದು ಬಟ್ಟಲಿಗೆ ನಾಣ್ಯ ಸಾಲಲಿಲ್ಲ, ನನ್ನ ಪಾಲಿನಿಂದ ಸಾಲ ಕೊಟ್ಟೆ. ಭುಜ, ಮಂಡಿ ಮುಚ್ಚುವ ಬಟ್ಟೆ ಇರಲಿ, ಒಂದು ಪಂಚೆಯೋ ದುಪಟ್ಟಾವೋ ಚೀಲದಲ್ಲಿದ್ದರೆ ಸಾಕು.

ಎದುರು ದಡದ ವಾಟ್ ಅರುಣ್‌ಗೆ ಐದೇ ಬಾಟ್ ದೋಣಿ. ಅರುಣನ ಹೆಸರಿನ ಗುಡಿ. ಆದಿತ್ಯನ ಕಟ್ಟೆಯಲ್ಲಿ ಹತ್ತಿ ಅರುಣನ ಕಟ್ಟೆಯಲ್ಲಿ ಇಳಿದೆವು ಅಂದುಕೊಂಡು ಖುಷಿಪಟ್ಟೆ. ದೂರದಿಂದ ಬಿಳಿಯಾಗಿ ಕಾಣುವ ಗೋಪುರ ಹತ್ತಿರ ಹೋದರೆ ಒಡೆದ ಪಿಂಗಾಣಿ ಚೂರುಗಳ ಹೂಬಳ್ಳಿ. ಪ್ರವೇಶ 200 ಬಾಟ್. ಮೆಟ್ಟಿಲು ಬಲು ಕಡಿದಾಗಿವೆ, ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಬಾಡಿಗೆಗೆ ಥಾಯ್ ಉಡುಗೆ ತೊಟ್ಟು ಫೋಟೋ ತೆಗೆಸಿಕೊಳ್ಳುವವರ ಜಾತ್ರೆಯೇ ಅಲ್ಲಿತ್ತು. ಒಂದು ಗಂಟೆ ಧಾರಾಳವಾಯಿತು.

ಮತ್ತೆ ಈ ದಡಕ್ಕೆ ಬಂದು ಕಾಲು ಗಂಟೆ ನಡೆದರೆ ಪಾಕ್ ಖ್ಲೋಂಗ್ ತಲಾತ್, ಹೂವಿನ ಮಾರುಕಟ್ಟೆ. ಹಗಲೂ ರಾತ್ರಿ ತೆರೆದಿರುತ್ತದೆ, ಟಿಕೆಟ್ ಇಲ್ಲ. ಪಟ್ಟಿಯಲ್ಲಿ ಜಾಗವಿಲ್ಲದಿದ್ದರೆ ಬೇರೆ ಯಾವುದನ್ನಾದರೂ ತೆಗೆದು ಇದನ್ನು ಸೇರಿಸಿ. ಚೆಂಡು ಹೂವಿನ ಮೂಟೆ ಕಂಡಾಗ ಕೆ.ಆರ್. ಮಾರ್ಕೆಟ್‌ಗೇ ಬಂದೆನೇನೋ ಅನ್ನಿಸಿತು. ಆದರೆ ಕಾಲಡಿ ಕೆಸರಿಲ್ಲ, ಕೂಗಾಟವಿಲ್ಲ. ಹೆಂಗಸರು ಉದ್ದನೆಯ ಸೂಜಿಯಲ್ಲಿ ಮಲ್ಲಿಗೆ ಮೊಗ್ಗು ಪೋಣಿಸಿ ಕೈಗೆ ತೂಗುಹಾಕಿಕೊಳ್ಳುವಂಥ ಪುಟ್ಟ ಹಾರ ಮಾಡುತ್ತಾರೆ, ಫುವಾಂಗ್ ಮಾಲೈ ಅಂತ. ಮಾಲೈ ಅಂದರೆ ಮಾಲೆ ಅಂತ ಯಾರೂ ಹೇಳಿಕೊಡಬೇಕಿರಲಿಲ್ಲ. ಒಂದು ಹಾರದಲ್ಲಿ ಬಿಳಿ ಹೂ ಗುರುತು ಸಿಕ್ಕಂತಾಯಿತು. ಎತ್ತಿ ನೋಡಿದರೆ ಎಕ್ಕ! ನಮ್ಮಲ್ಲಿ ಆಂಜನೇಯನಿಗೆ ಏರಿಸುವ, ರಥಸಪ್ತಮಿಗೆ ಎಲೆ ತಲೆಮೇಲಿಟ್ಟು ನೀರು ಹಾಕಿಕೊಳ್ಳುವ ಅದೇ ಎಕ್ಕ. ಇಲ್ಲಿ ಅದರ ಹೆಸರು ಡೋಕ್ ರಕ್. ರಕ್ ಎಂದರೆ ಪ್ರೀತಿ ಎಂಬ ಅರ್ಥವೂ ಇರುವುದರಿಂದ ಮದುವೆ ಹಾರಕ್ಕೂ ಸಲ್ಲುತ್ತದೆ. ಇದನ್ನು ಕೇಳಿ ನಮ್ಮನೆಯವರು, "ನೋಡೇ, ನಮ್ಮ ತುಮಕೂರು ಸೈಟಲ್ಲಿ ಎಷ್ಟು ಪ್ರೀತಿ ಬೆಳೆದು ನಿಂತಿದೆ, ನಾನು ಕೀಳಿಸೋಕೆ ಆಳು ಹುಡುಕ್ತಿದೀನಿ" ಅಂದರು. 20 ಬಾಟ್ ಕೊಟ್ಟು ಒಂದು ಹಾರ ತಗೊಂಡೆ.

ಊಟದ ಮಾತು. ನಮ್ಮನೆಯವರು ಮೊಟ್ಟೆಯೂ ಮುಟ್ಟದ ಸಸ್ಯಾಹಾರಿ. ಥಾಯ್ ಅಡುಗೆಯಲ್ಲಿ ತರಕಾರಿ ಪಲ್ಯಕ್ಕೂ ಮೀನಿನ ಸಾಸ್ ಬೀಳುತ್ತದೆ. "ವೆಜಿಟೇರಿಯನ್" ಅಂದರೆ ಸಾಲದು, "ಜೇ" ಅನ್ನಿ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ, ನಮ್ಮ ಕಣ್ಣಿಗೆ ಇಂಗ್ಲಿಷಿನ 17ರಂತೆ ಕಾಣುವ ಗುರುತು ಇದ್ದ ಅಂಗಡಿಯಲ್ಲಿ ಮಾಂಸ, ಮೀನು, ಮೊಟ್ಟೆ, ಹಾಲು ಯಾವುದೂ ಇಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಡಿ ಅಡುಗೆಗಿಂತ ಒಂದು ಕೈ ಮೇಲೆ. ಬೇರೆ ಕಡೆ "ಮೈ ಸೈ ನಾಮ್ ಪ್ಲಾ" ಅಂದರೆ ಮೀನಿನ ಸಾಸ್ ಹಾಕಬೇಡಿ ಎಂದು, "ಮೈ ಸೈ ಖೈ" ಅಂದರೆ ಮೊಟ್ಟೆ ಬೇಡ ಎಂದು. ಆ ದಿನ ಮಾತ್ರ ಯಾವ ಮಂತ್ರವೂ ಬೇಕಾಗಲಿಲ್ಲ. ಹೂವಿನ ಮಾರುಕಟ್ಟೆಯಿಂದ ಕೂಗಳತೆಯಲ್ಲಿ ಪಾಹುರತ್, ಬ್ಯಾಂಕಾಕ್‌ನ ಭಾರತೀಯ ಪೇಟೆ. ಗುರುದ್ವಾರದ ಚಿನ್ನದ ಬಣ್ಣದ ಗುಮ್ಮಟ ನೋಡಿಕೊಂಡು ನಡೆದರೆ ಸಾಕು. ರೊಟ್ಟಿ, ದಾಲ್, ಶುಂಠಿ ಟೀ. ಹದಿನೆಂಟು ದಿನದ ಮೇಲೆ ಆ ಟೀ ಬಗ್ಗೆ ನಾನು ನಿಷ್ಪಕ್ಷಪಾತವಾಗಿ ಬರೆಯಲಾರೆ.

ಮಧ್ಯಾಹ್ನದ ಬಿಸಿಲಿಗೆ ಸುಮ್ಮನೆ ವಾಪಸ್ ದೋಣಿ ಹತ್ತಿದೆವು. ಒಂದು ಗಂಟೆ ಥಾಯ್ ಮಸಾಜ್ 300 ಬಾಟ್, ಆಮೇಲೆ ಆ ಐವತ್ತರ ಸ್ನಾನ. ಗೆಸ್ಟ್‌ಹೌಸ್ ಬಾಗಿಲಲ್ಲಿ ಕಂಬದ ಮೇಲೊಂದು ಪುಟ್ಟ ಮನೆಯಿತ್ತು, ಆ ಜಾಗ ಕಾಯುವ ದೇವತೆಗೆ. ನಮ್ಮ ಕಡೆಯ ಭೂತಪ್ಪನಂತೆ. ಮುಂದೆ ಸ್ಟ್ರಾ ಹಾಕಿದ ಕೆಂಪು ಫ್ಯಾಂಟಾ ಬಾಟಲಿ. ಎಕ್ಕದ ಹಾರವನ್ನು ಅಲ್ಲೇ ಇಟ್ಟೆ.

ಇನ್ನು ವಿಮಾನ ನಿಲ್ದಾಣದ ದಾರಿ, ಇದನ್ನು ಗಮನವಿಟ್ಟು ಓದಿ. ಖಾವ್ ಸಾನ್ ಬಳಿ ರೈಲಿಲ್ಲ. ಸಂಜೆ ಐದಕ್ಕೆ ಟ್ಯಾಕ್ಸಿಗೆ ಕೂತರೆ ಯಾವಾಗ ತಲುಪುತ್ತೀರೋ ದೇವರಿಗೇ ಗೊತ್ತು. ನಾವು ಇಪ್ಪತ್ತು ನಿಮಿಷ ನಡೆದು, ಚಿನ್ನದ ಗುಡ್ಡ (ಗೋಲ್ಡನ್ ಮೌಂಟ್) ಎಂಬ ಗುಡಿಯ ಬುಡದ ಪಾನ್‌ಫಾ ಕಟ್ಟೆಯಲ್ಲಿ ಸೇನ್ ಸೇಪ್ ಕಾಲುವೆಯ ದೋಣಿ ಹತ್ತಿದೆವು. ಹದಿನೈದು ಬಾಟ್ ಒಳಗೆ ಟಿಕೆಟ್. ಹೆಲ್ಮೆಟ್ ಹಾಕಿದ ಕಂಡಕ್ಟರ್ ದೋಣಿಯ ಅಂಚಿನಲ್ಲೇ ನಡೆದು ಬಂದು ಕೊಡುತ್ತಾರೆ. ಸೇತುವೆ ಬಂದಾಗ ದೋಣಿಯ ಚಾವಣಿಯೇ ತಗ್ಗುತ್ತದೆ. ನೀರು ಕಪ್ಪು, ವಾಸನೆಯೂ ಇದೆ. ಎದುರಿಂದ ದೋಣಿ ಬಂದಾಗ ಪಕ್ಕದವರು ಹಗ್ಗ ಎಳೆದು ಪ್ಲಾಸ್ಟಿಕ್ ಪರದೆ ಏರಿಸಿದರೆ ನೀವೂ ಎಳೆಯಿರಿ. ನಾನು ತಡಮಾಡಿದೆ, ಒಗೆದ ಬಟ್ಟೆಯ ಕತೆ ಮುಗಿಯಿತು. ದೋಣಿ ಪೂರ್ತಿ ನಿಲ್ಲುವುದಿಲ್ಲ, ಹತ್ತಿ ಇಳಿಯುವುದು ಚುರುಕಾಗಿ ಆಗಬೇಕು. ಉರುಳು ಚಕ್ರದ ಸೂಟ್‌ಕೇಸ್ ಇದ್ದರೆ ಈ ಸಾಹಸ ಬೇಡ. ಕತ್ತಲಾದ ಮೇಲೆ ದೋಣಿ ಬೇಗ ನಿಲ್ಲುತ್ತವೆ, ವಾರಾಂತ್ಯದಲ್ಲಿ ಇನ್ನೂ ಬೇಗ.

ಹುವಾ ಚಾಂಗ್ ಕಟ್ಟೆಯಲ್ಲಿ ಇಳಿದು ಕಾಲು ಗಂಟೆ ನಡೆದರೆ ಫಯಾ ಥಾಯ್ ನಿಲ್ದಾಣ. ಅಲ್ಲಿಂದ ಏರ್‌ಪೋರ್ಟ್ ರೈಲು, 45 ಬಾಟ್, ಅರ್ಧ ಗಂಟೆ. ಹತ್ತುವ ಮೊದಲು ನಿಮ್ಮ ವಿಮಾನ ಸುವರ್ಣಭೂಮಿಯದೋ ಡಾನ್ ಮುವಾಂಗ್‌ನದೋ ನೋಡಿಕೊಳ್ಳಿ, ಎರಡೂ ಊರಿನ ಬೇರೆ ಬೇರೆ ದಿಕ್ಕು. ಈ ರೈಲು ಹೋಗುವುದು ಸುವರ್ಣಭೂಮಿಗೆ.

ನಮ್ಮದು ಬರೀ ಕೈಚೀಲದ ಟಿಕೆಟ್, ತಲಾ ಏಳು ಕೆಜಿ. ತೂಕಕ್ಕೆ ಹೆದರಿ ಜಾಕೆಟ್ ತೊಟ್ಟುಕೊಂಡು ಬೆವರುತ್ತಾ ನಿಂತು ಗೆದ್ದೆವು. ಆದರೆ ತಪಾಸಣೆಯಲ್ಲಿ ಇವರು ಬಹಳ ಹುಡುಕಿ ಕೊಂಡಿದ್ದ "ಜೇ" ಗುರುತಿನ ಹಸಿರು ಕರಿ ಪೇಸ್ಟ್ ಡಬ್ಬಿಯನ್ನು ಎತ್ತಿಟ್ಟರು. ಪೇಸ್ಟ್ ಕೂಡ ದ್ರವದ ಲೆಕ್ಕ, 100 ಮಿಲಿ ಮೀರುವಂತಿಲ್ಲ. ಪುಡಿಯ ಪೊಟ್ಟಣ ಕೊಂಡಿದ್ದರೆ ಬರುತ್ತಿತ್ತು.

ಒಳಗೆ ಹೋದರೆ ಎದುರಿಗೇ ಸಮುದ್ರ ಮಥನದ ದೊಡ್ಡ ಶಿಲ್ಪ. ವಾಸುಕಿಯ ಒಂದು ಕಡೆ ದೇವತೆಗಳು, ಇನ್ನೊಂದು ಕಡೆ ಅಸುರರು, ಮಂದರದ ತುದಿಯಲ್ಲಿ ವಿಷ್ಣು. ಉಳಿದ ಚಿಲ್ಲರೆಗೆ ಬಂದ ನೀರಿನ ಬಾಟಲಿ ಹಿಡಿದು ಅದರ ಮುಂದೆ ಕೂತೆವು. ಇವರು ಬಹಳ ಹೊತ್ತು ಮೇಲೆ ನೋಡಿ ಅಂದರು: "ಅಮೃತದ ಕುಂಭ ನೂರು ಮಿಲಿ ದಾಟಿದ್ರೆ ಅದನ್ನೂ ಇಲ್ಲೇ ಈಸ್ಕೊಂಡಿರೋರು."