ಸಾವಿರ ವರ್ಷದ ಆಳಿಕೆ ಯಾರಿಗಾಗಿ?

ಸತ್ಯವೇದದ (ಬೈಬಲಿನ) ಕೊನೆಯ ಪುಸ್ತಕವಾದ ಪ್ರಕಟನೆಯ 20ನೆಯ ಅಧ್ಯಾಯದಲ್ಲಿ, ಎರಡನೆಯ ವಚನದಿಂದ ಏಳನೆಯದರವರೆಗೆ, ‘ಸಾವಿರ ವರ್ಷ’ ಎಂಬ ಮಾತು ಆರು ಸಲ ಬರುತ್ತದೆ. ಸೈತಾನನನ್ನು ಸಾವಿರ ವರ್ಷ ಕಟ್ಟಿಹಾಕಲಾಗುತ್ತದೆ. ಯೇಸುವಿನ ಸಾಕ್ಷಿಗಾಗಿ ತಲೆ ಕಡಿಸಿಕೊಂಡವರು ಮತ್ತೆ ಜೀವ ಪಡೆದು ಕ್ರಿಸ್ತನೊಂದಿಗೆ ಸಾವಿರ ವರ್ಷ ಆಳುತ್ತಾರೆ. ಇಡೀ ಸತ್ಯವೇದದಲ್ಲಿ ಈ ಆಳಿಕೆಗೆ ವರ್ಷದ ಲೆಕ್ಕ ಹೇಳುವ ಜಾಗ ಇದೊಂದೇ. ಕ್ರಿಸ್ತನು ಈ ಸಾವಿರ ವರ್ಷಕ್ಕೆ ಮೊದಲು ಬರುತ್ತಾನೋ, ಅದು ಮುಗಿದ ಮೇಲೆ ಬರುತ್ತಾನೋ, ಅಥವಾ ಅದು ಈಗಾಗಲೇ ನಡೆಯುತ್ತಿದೆಯೋ ಎಂಬ ವಾದ ಎರಡನೆಯ ಶತಮಾನದಿಂದ ಇಂದಿನವರೆಗೂ ನಿಂತಿಲ್ಲ.

ನಮ್ಮ ಮನೆಯಲ್ಲಿಯೂ ನಿಂತಿಲ್ಲ. ನಾನು ಮಂಗಳೂರಿನ ಬಾಸೆಲ್ ಮಿಷನ್ ಮನೆತನದವಳು. ಅಜ್ಜ ಜೆಪ್ಪುವಿನ ಹೆಂಚಿನ ಕಾರ್ಖಾನೆಯಲ್ಲಿ ದುಡಿದವರು. ಪ್ರೌಢಶಾಲೆಯಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತಳಾದ ನಾನು ಈಗ ನಮ್ಮ ಸಭೆಯಲ್ಲಿ ಸ್ತ್ರೀಯರ ಸತ್ಯವೇದ ಅಧ್ಯಯನ ನಡೆಸುತ್ತೇನೆ. ಮೈದುನ ಬೆಂಗಳೂರಿನಲ್ಲಿ ನೆಲೆಸಿದ ಮೇಲೆ ಪೆಂತೆಕೋಸ್ತ್ ಸಭೆಯೊಂದಕ್ಕೆ ಸೇರಿಕೊಂಡ. ಅವನ ಮನೆಯ ಗೋಡೆಯ ಮೇಲೆ ಒಂದು ದೊಡ್ಡ ನಕ್ಷೆಯಿದೆ: ಸೃಷ್ಟಿಯಿಂದ ಹಿಡಿದು ಹೊಸ ಯೆರೂಸಲೇಮಿನವರೆಗೆ ಏಳು ಯುಗಗಳು, ನಡುವೆ ವಿಶ್ವಾಸಿಗಳು ಆಕಾಶಕ್ಕೆ ‘ಎತ್ತಲ್ಪಡುವುದನ್ನು’ ತೋರಿಸುವ ಬಾಣದ ಗುರುತು, ಅದರಾಚೆ ಕೆಂಪು ಬಣ್ಣದಲ್ಲಿ, ಭೂಮಿಯಲ್ಲಿ ಉಳಿದವರಿಗೆ ಬರುವ ಏಳು ವರ್ಷದ ಮಹಾಸಂಕಟ. ಕ್ರಿಸ್ಮಸ್‌ಗೆ ಬಂದಿದ್ದಾಗ ಅವನ ಮಗಳು ನನ್ನ ಜೊತೆ ಕೂತು ಕುಸ್ವಾರ್ (ಕ್ರಿಸ್ಮಸ್ ತಿಂಡಿ) ಡಬ್ಬಿ ತುಂಬುತ್ತಾ ಕೇಳಿದಳು: “ದೊಡ್ಡಮ್ಮ, ನಿಮ್ಮ ಸಭೆಯಲ್ಲಿ ಎತ್ತಲ್ಪಡುವುದರ ಬಗ್ಗೆ ಪ್ರಸಂಗವನ್ನೇ ಮಾಡುವುದಿಲ್ಲವಂತೆ. ನಿಮಗೆ ಅದರಲ್ಲಿ ನಂಬಿಕೆ ಇಲ್ಲವೇ?” ಆಮೇಲೆ ತಾನೇ ಒಂದು ವಿಷಯ ಹೇಳಿದಳು. ಮೂರನೆಯ ತರಗತಿಯಲ್ಲಿದ್ದಾಗ ಒಂದು ಸಂಜೆ ಶಾಲೆಯಿಂದ ಬಂದರೆ ಬಾಗಿಲು ತೆರೆದಿತ್ತು, ಒಲೆಯ ಮೇಲೆ ಹಾಲು ಕಾಯುತ್ತಿತ್ತು, ಮನೆಯಲ್ಲಿ ಯಾರೂ ಇರಲಿಲ್ಲ. ಅಪ್ಪ ಅಮ್ಮ ಎತ್ತಲ್ಪಟ್ಟರು, ನಾನೊಬ್ಬಳೇ ಉಳಿದೆ ಎಂದು ಅವಳು ಮಂಚದಡಿ ಸೇರಿ ಅತ್ತಳಂತೆ. ತಾಯಿ ಒಣಗಿದ ಬಟ್ಟೆ ತರಲು ತಾರಸಿಗೆ ಹೋಗಿದ್ದಳು.

ನಾನು ಈ ಬರಹ ಬರೆಯುತ್ತಿರುವುದು ಆ ಮಗುವಿನ ಅಳುವಿನ ದೆಸೆಯಿಂದ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದ ನಾಲ್ಕನೆಯ ಅಧ್ಯಾಯದಲ್ಲಿ ಪೌಲನು ಮೇಘಗಳಲ್ಲಿ ಒಯ್ಯಲ್ಪಡುವ ಮಾತನ್ನು ಆಡುವುದು ಮನೆಯವರನ್ನು ಮಣ್ಣು ಮಾಡಿ ದುಃಖದಲ್ಲಿದ್ದವರಿಗೆ. ಸತ್ತವರು ಹಿಂದುಳಿಯುವುದಿಲ್ಲ, ಅವರೇ ಮೊದಲು ಏಳುತ್ತಾರೆ, ನಾವೆಲ್ಲರೂ ಒಟ್ಟಿಗೆ ಕರ್ತನನ್ನು ಎದುರುಗೊಳ್ಳುತ್ತೇವೆ ಎನ್ನುತ್ತಾನೆ. ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಎಂದೇ ಆ ಭಾಗ ಮುಗಿಯುತ್ತದೆ. ಅಗಲಿದವರನ್ನು ಕೂಡಿಸುವ ಈ ವಚನವೇ ಕೂಡಿ ಬಾಳುತ್ತಿರುವ ಮನೆಯನ್ನು ಒಡೆಯುವ ಹೆದರಿಕೆಯಾಗಿ ಒಂದು ಮಗುವಿನ ಎದೆಗೆ ಹೇಗೆ ಇಳಿಯಿತು?

ಇದಕ್ಕೊಂದು ಚರಿತ್ರೆಯಿದೆ. ವಿಶ್ವಾಸಿಗಳು ಮಹಾಸಂಕಟಕ್ಕೆ ಮುಂಚೆಯೇ ಎತ್ತಲ್ಪಡುತ್ತಾರೆ, ಏಳು ವರ್ಷದ ಬಳಿಕ ಕ್ರಿಸ್ತನು ಅವರೊಂದಿಗೆ ಭೂಮಿಗೆ ಬರುತ್ತಾನೆ ಎಂಬ ಎರಡು ಹಂತದ ಬೋಧನೆಯನ್ನು ಪದ್ಧತಿಯಾಗಿ ಕಟ್ಟಿ ಹರಡಿದವನು ಜಾನ್ ನೆಲ್ಸನ್ ಡಾರ್ಬಿ (1800–1882). ಐರ್ಲೆಂಡಿನ ಆಂಗ್ಲಿಕನ್ ಸಭೆಯಲ್ಲಿ ಪಾದ್ರಿಯಾಗಿದ್ದು, ಅದನ್ನು ಬಿಟ್ಟು, ಮುಂದೆ ಬ್ರದರನ್ ಎಂದು ಹೆಸರಾದ ಕೂಟದ ಮುಂದಾಳಾದವನು. ದಾನಿಯೇಲನ ಒಂಬತ್ತನೆಯ ಅಧ್ಯಾಯದಲ್ಲಿ ಎಪ್ಪತ್ತು ವಾರಗಳ ಪ್ರವಾದನೆ ಬರುತ್ತದೆ. ಒಂದು ವಾರವೆಂದರೆ ಏಳು ವರ್ಷವೆಂದು ಹಿಡಿಯುವುದು ಹಳೆಯ ರೂಢಿ. ಅರುವತ್ತೊಂಬತ್ತು ವಾರಗಳು ಕ್ರಿಸ್ತನ ಕಾಲಕ್ಕೆ ಮುಗಿದವು, ಆಗ ದೇವರ ಗಡಿಯಾರ ನಿಂತಿತು, ಸಭೆಯ ಯುಗವೆಲ್ಲ ನಡುವಿನ ಬಿಡುವು, ಸಭೆ ಎತ್ತಲ್ಪಟ್ಟ ಮೇಲೆ ಕೊನೆಯ ವಾರ ಶುರುವಾಗುತ್ತದೆ ಎಂಬುದು ಈ ಪದ್ಧತಿಯ ಬೆನ್ನೆಲುಬು. 1909ರಲ್ಲಿ ಸ್ಕೋಫೀಲ್ಡ್ ಎಂಬ ಅಮೆರಿಕದ ಬೋಧಕ ಟಿಪ್ಪಣಿಗಳ ಸಮೇತ ಒಂದು ಬೈಬಲ್ ಪ್ರಕಟಿಸಿದ. ಮೇಲೆ ವಚನ, ಅದೇ ಪುಟದ ಕೆಳಗೆ ಅವನ ವಿವರಣೆ. ಓದುತ್ತಾ ಓದುತ್ತಾ ಯಾವುದು ಪ್ರಕಟನೆ ಬರೆದ ಯೋಹಾನನ ಮಾತು, ಯಾವುದು ಸ್ಕೋಫೀಲ್ಡನ ಮಾತು ಎಂಬ ಗೆರೆ ಅಳಿಸಿಹೋಗುವುದು ಸಹಜ. ಮೈದುನನ ಗೋಡೆಯ ನಕ್ಷೆ ಆ ವಂಶದ್ದು. ಅದನ್ನು ಸತ್ಯವೇದದಷ್ಟೇ ಹಳೆಯದೆಂದು ಅವನು ನಂಬಿದ್ದ. ಅದು ನಮ್ಮೂರಿಗೆ ಬಾಸೆಲ್ ಮಿಷನ್ ಬಂದ ಕಾಲದ್ದು ಎಂದಾಗ ಅವನಿಗೆ ನಿಜವಾಗಿ ಆಶ್ಚರ್ಯವಾಯಿತು.

ಬಾಸೆಲ್ ಮಿಷನ್ ಎಂದೆನಲ್ಲ, ಅದರ ಹಿಂದೆಯೂ ಈ ಸಾವಿರ ವರ್ಷದ ನಿರೀಕ್ಷೆ ಇತ್ತು. ನಮ್ಮ ಸಭೆಯವರೇ ಹೆಚ್ಚಿನವರು ಇದನ್ನು ಕೇಳಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿ ಹೇಳುತ್ತೇನೆ. ಕನ್ನಡ ನಾಡಿಗೆ ಬಂದ ಮಿಷನರಿಗಳಲ್ಲಿ ಅನೇಕರು ದಕ್ಷಿಣ ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದವರು. ಅಲ್ಲಿನ ಭಕ್ತ ಜನರಿಗೆ ದೊಡ್ಡ ಗುರುವೆಂದರೆ ಯೋಹಾನ್ ಆಲ್ಬ್ರೆಕ್ಟ್ ಬೆಂಗೆಲ್ (1687–1752). ಹೊಸ ಒಡಂಬಡಿಕೆಯ ಗ್ರೀಕ್ ಪಾಠವನ್ನು ಹಸ್ತಪ್ರತಿಗಳೊಡನೆ ಹೋಲಿಸಿ 1734ರಲ್ಲಿ ಪ್ರಕಟಿಸಿದ ಮಹಾ ವಿದ್ವಾಂಸ. ಅಂಥವನೇ ಪ್ರಕಟನೆಯ ಅಂಕಿಗಳನ್ನು ಕೂಡಿಸಿ ಕಳೆದು, 1836ರ ಜೂನ್ 18ಕ್ಕೆ, ಆ ಪುಸ್ತಕದಲ್ಲಿ ದೇವರಿಗೆ ಎದುರು ನಿಲ್ಲುವ ಮೃಗದ ಆಳಿಕೆ ಮುಗಿದು ಸೈತಾನನು ಕಟ್ಟಲ್ಪಡುತ್ತಾನೆ ಎಂದು ಲೆಕ್ಕ ಹಾಕಿದ. ಆದರೆ ಅವನ ಒಂದು ಮಾತನ್ನು ನಾನು ಬಹಳ ಗೌರವಿಸುತ್ತೇನೆ: ಆ ವರ್ಷ ಗಮನಾರ್ಹ ಬದಲಾವಣೆಯಿಲ್ಲದೆ ಕಳೆದುಹೋದರೆ ತನ್ನ ಪದ್ಧತಿಯಲ್ಲಿ ಮುಖ್ಯ ದೋಷವಿದೆಯೆಂದು ತಿಳಿದು ಅದು ಎಲ್ಲಿದೆಯೆಂದು ಹುಡುಕಬೇಕು ಎಂದು ಅವನೇ ಬರೆದಿಟ್ಟಿದ್ದ.

ಗುರು ಹಾಗೆಂದರೂ ಜನ ಕಾಯಲಿಲ್ಲ. 1815ರಲ್ಲಿ ಇಂಡೋನೇಷ್ಯಾದ ತಂಬೋರಾ ಅಗ್ನಿಪರ್ವತ ಸಿಡಿದು ಮರುವರ್ಷ ಯುರೋಪಿನಲ್ಲಿ ಬೇಸಿಗೆಯೇ ಬರಲಿಲ್ಲ. ಬೆಳೆ ಹಾಳಾಗಿ ಕ್ಷಾಮ ಬಿತ್ತು. ಅಂತ್ಯಕಾಲ ಬಂತು, ಆಶ್ರಯಸ್ಥಾನ ಪೂರ್ವದಲ್ಲಿದೆ ಎಂದು 1817ರಲ್ಲಿ ಸಾವಿರಾರು ವುರ್ಟೆಂಬರ್ಗಿನವರು ಡ್ಯಾನ್ಯೂಬ್ ನದಿಯಲ್ಲಿ ದೋಣಿ ಹತ್ತಿ ಕಾಕಸಸ್ ಕಡೆಗೆ ಹೊರಟರು. ದಾರಿಯಲ್ಲೇ ಜ್ವರದಿಂದ ಸತ್ತವರು ಬಹಳ. ಉಳಿದವರು ಈಗಿನ ಜಾರ್ಜಿಯಾ, ಅಜೆರ್ಬೈಜಾನ್‌ಗಳಲ್ಲಿ ಊರು ಕಟ್ಟಿದರು. ಈ ವಲಸೆಯನ್ನು ತಡೆಯುವ ಉದ್ದೇಶವೂ ಸೇರಿ 1819ರಲ್ಲಿ ಸ್ಟುಟ್‌ಗಾರ್ಟ್ ಹತ್ತಿರ ಕೋರ್ನ್‌ಟಾಲ್ ಎಂಬ ಭಕ್ತರ ಊರು ಹುಟ್ಟಿತು. ಅದನ್ನು ಸ್ಥಾಪಿಸಿದ ಗಾಟ್ಲೀಬ್ ವಿಲ್ಹೆಲ್ಮ್ ಹಾಫ್‌ಮನ್‌ಗೆ ಇಬ್ಬರು ಗಂಡುಮಕ್ಕಳು ಹೆಸರಾದರು. ಒಬ್ಬ ಕ್ರಿಸ್ಟೋಫ್: ದೇವಜನರನ್ನು ಪವಿತ್ರ ನಾಡಿನಲ್ಲಿ ಒಟ್ಟುಗೂಡಿಸಬೇಕೆಂದು ‘ಟೆಂಪಲ್’ ಸಂಘ ಕಟ್ಟಿ 1868ರಲ್ಲಿ ಹೈಫಾಕ್ಕೆ ಹೊರಟವನು. ಇನ್ನೊಬ್ಬ ವಿಲ್ಹೆಲ್ಮ್: 1839ರಿಂದ 1850ರವರೆಗೆ ಬಾಸೆಲ್ ಮಿಷನ್ನಿನ ಮುಖ್ಯಸ್ಥನಾಗಿದ್ದವನು. ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಟ 1843ರಲ್ಲಿ ಬಾಸೆಲ್‌ನ ಕಚೇರಿಯಲ್ಲಿ ಕೂತಿದ್ದವನು ಅವನೇ. ಒಂದೇ ಮನೆ, ಒಂದೇ ನಿರೀಕ್ಷೆ. ಒಬ್ಬನ ದಾರಿ ಪ್ಯಾಲೆಸ್ತೀನಿಗೆ, ಇನ್ನೊಬ್ಬನ ಕೆಲಸ ನಮ್ಮ ಕರಾವಳಿಗೆ ತಲುಪಿತು.

ಆ ಪತ್ರಿಕೆ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ವುರ್ಟೆಂಬರ್ಗಿನ ಬ್ರಾಕೆನ್‌ಹೈಮ್‌ನವರು. ಅವರು ಮಂಗಳೂರಿಗೆ ಬಂದದ್ದು 1836ರಲ್ಲಿ. ಬೆಂಗೆಲ್ ಹೇಳಿದ ವರ್ಷ! ಆ ದಿನಾಂಕದ ಬಗ್ಗೆ ಮೋಗ್ಲಿಂಗ್‌ರ ನಂಬಿಕೆ ಏನೇ ಇದ್ದಿರಲಿ, ಮೃಗದ ಆಳಿಕೆ ಮುಗಿಯಬೇಕಿದ್ದ ವರ್ಷದಲ್ಲಿ ಅವರ ನಾಡಿನಿಂದ ಬಂದ ಒಬ್ಬ ಯುವಕ ಕನ್ನಡ ಅಕ್ಷರ ತಿದ್ದಲು ಕೂತದ್ದು ನನ್ನ ಮನಸ್ಸನ್ನು ತುಂಬುತ್ತದೆ. ಅವರು ಮುಂದೆ ದಾಸರ ಪದಗಳನ್ನು ಸಂಗ್ರಹಿಸಿ ಅಚ್ಚು ಹಾಕಿಸಿದರು, ‘ಬಿಬ್ಲಿಯೋಥೆಕಾ ಕರ್ನಾಟಿಕಾ’ ಮಾಲೆಯಲ್ಲಿ ಹಳೆಯ ಕನ್ನಡ ಕಾವ್ಯಗಳನ್ನು ಹೊರತಂದರು. ನಾಳೆ ಉರಿದುಹೋಗುವ ಮನೆಗೆ ಯಾರೂ ಇಷ್ಟು ಅಕ್ಕರೆಯಿಂದ ಸುಣ್ಣ ಬಳಿಯುವುದಿಲ್ಲ.

ಸುವಾರ್ತೆ ಲೋಕವನ್ನೆಲ್ಲ ವ್ಯಾಪಿಸಿ, ನೀತಿ ಸಮಾಧಾನಗಳ ದೀರ್ಘ ಯುಗ ಬಂದು, ಅದರ ಕೊನೆಗೆ ಕ್ರಿಸ್ತನು ಬರುತ್ತಾನೆ ಎಂಬುದು ಮೊದಲಿಗೆ ಹೇಳಿದ ಮೂರು ನೋಟಗಳಲ್ಲಿ ಎರಡನೆಯದು. ಹದಿನೆಂಟನೆಯ ಶತಮಾನದ ಅಮೆರಿಕದ ಬೋಧಕ ಜೊನಾಥನ್ ಎಡ್ವರ್ಡ್ಸ್ ಇದನ್ನು ನಂಬಿದ್ದರು. ಹತ್ತೊಂಬತ್ತನೆಯ ಶತಮಾನದ ಮಿಷನ್ ಉತ್ಸಾಹಕ್ಕೆ ಇದೂ ಇಂಧನವಾಯಿತು. 1914ರ ಯುದ್ಧ ಈ ಭರವಸೆಯನ್ನು ಮುರಿಯಿತು. ನಮ್ಮ ಊರಿನಲ್ಲಿಯೇ ಅದರ ಗುರುತಿದೆ: ಕ್ರೈಸ್ತ ರಾಜ್ಯಗಳೆನಿಸಿಕೊಂಡವು ಪರಸ್ಪರ ಕೊಲ್ಲುತ್ತಿದ್ದಾಗ ಬ್ರಿಟಿಷ್ ಸರ್ಕಾರ ಇಲ್ಲಿನ ಜರ್ಮನ್ ಮಿಷನರಿಗಳನ್ನು ಬಂಧನದಲ್ಲಿಟ್ಟು ದೇಶದಿಂದ ಕಳುಹಿಸಿತು, ಮಿಷನ್ನಿನ ಹೆಂಚಿನ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಸಂಸ್ಥೆಯ ಕೈಗೆ ಹೋದವು. ಲೋಕ ತಾನಾಗಿ ಒಳ್ಳೆಯದಾಗುತ್ತಾ ಹೋಗುತ್ತದೆ ಎಂದು ಆಮೇಲೆ ಪ್ರಸಂಗ ಮಾಡುವುದು ಕಷ್ಟವಾಗಿರಬೇಕು.

ಮೂರನೆಯದು ನಾನು ಬೆಳೆದ ಬೋಧನೆ. ಸಾವಿರ ವರ್ಷವೆಂದರೆ ಕ್ರಿಸ್ತನ ಮೊದಲ ಬರೋಣದಿಂದ ಎರಡನೆಯ ಬರೋಣದವರೆಗಿನ ಸಭೆಯ ಕಾಲ. ಇದನ್ನು ನೆಲೆಗೊಳಿಸಿದವನು ಉತ್ತರ ಆಫ್ರಿಕದ ಬಿಷಪ್ ಅಗಸ್ಟೀನ್. ರೋಮ್ ನಗರ 410ರಲ್ಲಿ ಕೊಳ್ಳೆಹೋದ ಮೇಲೆ ಬರೆದ ‘ದೇವರ ನಗರ’ದ ಇಪ್ಪತ್ತನೆಯ ಪುಸ್ತಕದಲ್ಲಿ, ತಾನೂ ಹಿಂದೆ ಭೂಮಿಯ ಮೇಲಿನ ಸಾವಿರ ವರ್ಷವನ್ನು ನಂಬಿದ್ದೆ ಎಂದು ಅವನು ಹೇಳುತ್ತಾನೆ. ಅದನ್ನು ಊಟ ಪಾನಗಳ ಹಬ್ಬವೆಂಬಂತೆ ಕೆಲವರು ವರ್ಣಿಸುತ್ತಿದ್ದದ್ದು ಅವನಿಗೆ ಹಿಡಿಸಲಿಲ್ಲ. ಲುಥೆರನರು ತಮ್ಮ ನಂಬಿಕೆಯನ್ನು ಸಾರಿದ 1530ರ ಆಗ್ಸ್‌ಬರ್ಗ್ ಅರಿಕೆಯ 17ನೆಯ ಕಲಮಿನಲ್ಲಿ ಪುನರುತ್ಥಾನಕ್ಕೆ ಮುಂಚೆ ಭಕ್ತರ ಲೌಕಿಕ ರಾಜ್ಯ ಬರುತ್ತದೆಂಬುದನ್ನು ತಳ್ಳಿಹಾಕಿದರು. ಕಥೋಲಿಕ ಧರ್ಮೋಪದೇಶವೂ 676ನೆಯ ಅಂಶದಲ್ಲಿ ಹೆಚ್ಚುಕಡಿಮೆ ಹಾಗೆಯೇ ಹೇಳುತ್ತದೆ.

ಬುದ್ಧಿಗೆ ನನಗೆ ಇದೇ ಸರಿಯೆನಿಸುತ್ತದೆ. ಪ್ರಕಟನೆಯಲ್ಲಿ ಏಳು ಕೊಂಬಿನ ಕುರಿಮರಿ ಬರುತ್ತದೆ, ಅದನ್ನು ಯಾರೂ ಅಕ್ಷರಶಃ ಹಿಡಿಯುವುದಿಲ್ಲ. ಸಾವಿರವನ್ನು ಮಾತ್ರ ಕ್ಯಾಲೆಂಡರಿಗೆ ಏಕೆ ಕಟ್ಟಬೇಕು? ಆದರೂ ಐರೇನಿಯಸ್‌ನನ್ನು ಓದಿದಾಗಲೆಲ್ಲ ನಮ್ಮವರು ಏನನ್ನೋ ಕಳೆದುಕೊಂಡಿದ್ದಾರೆ ಎನಿಸುತ್ತದೆ. 177ರಲ್ಲಿ ಲಿಯೋನ್ ನಗರದಲ್ಲಿ ಕ್ರೈಸ್ತರನ್ನು ಹಿಂಸಿಸಿ ಕೊಂದರು. ವೃದ್ಧ ಬಿಷಪ್ ಪೊಥೀನಸ್ ಸೆರೆಮನೆಯಲ್ಲಿ ಸತ್ತ. ಅವನ ಜಾಗಕ್ಕೆ ಬಂದವನು ಐರೇನಿಯಸ್. ಅವನು ಸಾವಿರ ವರ್ಷದ ಆಳಿಕೆ ಇದೇ ಭೂಮಿಯ ಮೇಲೆ ಎಂದು ನಂಬಿದ್ದ. ಒಂದೊಂದು ದ್ರಾಕ್ಷಿಬಳ್ಳಿಗೆ ಹತ್ತು ಸಾವಿರ ಕೊಂಬೆಗಳು ಬರುತ್ತವೆ ಎಂಬ, ತನಗಿಂತ ಹಿಂದಿನ ಬಿಷಪ್ ಪಾಪಿಯಸನ ವರ್ಣನೆಯನ್ನೂ ಎತ್ತಿ ಹೇಳುತ್ತಾನೆ. ಅವನ ಕಾರಣ ಇದು: ಯಾವ ಸೃಷ್ಟಿಯಲ್ಲಿ ನೀತಿವಂತರು ಕಷ್ಟಪಟ್ಟರೋ ಅದೇ ಸೃಷ್ಟಿಯಲ್ಲಿ ಅವರಿಗೆ ಪ್ರತಿಫಲ ಸಿಗುವುದು ನ್ಯಾಯ, ಎಲ್ಲಿ ಕೊಲ್ಲಲ್ಪಟ್ಟರೋ ಅಲ್ಲಿಯೇ ಬದುಕಬೇಕು, ಎಲ್ಲಿ ದಾಸರಾಗಿದ್ದರೋ ಅಲ್ಲಿಯೇ ಆಳಬೇಕು.

ಇದನ್ನು ಬರೆದವನು ಸತ್ತವರ ಮುಖಗಳನ್ನು ಬಲ್ಲವನು. 20ನೆಯ ಅಧ್ಯಾಯದ ನಾಲ್ಕನೆಯ ವಚನದಲ್ಲಿ ಸಿಂಹಾಸನಗಳ ಜೊತೆ ಕಾಣುವುದು ತಲೆ ಕಡಿಸಿಕೊಂಡವರ ಆತ್ಮಗಳು. ಈ ದರ್ಶನ ಅವರದು. ‘ಸಾವಿರ ವರ್ಷ ಯಾವಾಗ’ ಎಂದು ನಾವು ಕೇಳುತ್ತಾ ಕೂತು ‘ಯಾರಿಗಾಗಿ’ ಎಂಬುದನ್ನು ಬಿಟ್ಟೆವು. ನನ್ನ ಸಭೆ ಅದನ್ನು ಆತ್ಮಿಕ ಅರ್ಥವೆಂದು ತೆಳುಮಾಡಿತು. ಮೈದುನನ ಸಭೆ ಭೂಮಿಯ ಮೇಲಿನ ಆಳಿಕೆಯನ್ನು ಬಾಯಿಂದ ಒಪ್ಪಿದರೂ ಪ್ರಸಂಗದಲ್ಲೆಲ್ಲ ಭೂಮಿಯನ್ನು ಬಿಟ್ಟು ಹೋಗುವುದನ್ನೇ ಹೇಳುತ್ತದೆ. ಅನ್ಯಾಯವಾಗಿ ಸತ್ತವನಿಗೆ ದೇವರು ಈ ಮಣ್ಣಿನ ಮೇಲೆಯೇ ನ್ಯಾಯ ತೀರಿಸುತ್ತಾನೆ ಎಂಬ ಐರೇನಿಯಸನ ಹಟ ಎರಡೂ ಕಡೆ ಕಾಣುವುದಿಲ್ಲ.

ಭಿನ್ನಾಭಿಪ್ರಾಯದಿಂದ ಸಭೆ ಒಡೆಯಬೇಕಾಗಿಲ್ಲ ಎಂಬುದಕ್ಕೂ ಹಳೆಯ ಸಾಕ್ಷಿ ಇದೆ. ಐರೇನಿಯಸ್‌ಗಿಂತ ಮೊದಲಿನ ಹುತಾತ್ಮ ಜಸ್ಟಿನ್, ತಾನೂ ಇನ್ನೂ ಅನೇಕರೂ ಯೆರೂಸಲೇಮಿನ ಸಾವಿರ ವರ್ಷವನ್ನು ನಂಬುತ್ತೇವೆ ಎಂದು ಟ್ರಿಫೋ ಎಂಬ ಯೆಹೂದ್ಯನಿಗೆ ಹೇಳುತ್ತಾ, ಶುದ್ಧ ಭಕ್ತಿಯ ಕ್ರೈಸ್ತರಲ್ಲೇ ಬೇರೆ ರೀತಿ ಯೋಚಿಸುವವರು ಬಹಳ ಮಂದಿ ಇದ್ದಾರೆ ಎಂದು ಸೇರಿಸುತ್ತಾನೆ. ಕರ್ತನ ಭೋಜನದಲ್ಲಿ ನಾವು ಹೇಳುವ “ಕ್ರಿಸ್ತನು ತಿರಿಗಿ ಬರುವನು” ಎಂಬ ಮಾತನ್ನು ಮೈದುನನೂ ಮನಸಾರೆ ಹೇಳುತ್ತಾನೆ, ಬೇಲಿಯಾಚೆಯ ಮನೆಯ ಕಥೋಲಿಕ ಹೆಂಗಸೂ ಹೇಳುತ್ತಾರೆ.

ಮೈದುನನ ಮಗಳಿಗೆ ನಾನು ಕೊಟ್ಟ ಉತ್ತರ ಇಷ್ಟು: ಆತನು ಬರುವುದನ್ನು ನಂಬುತ್ತೇನೆ, ಸತ್ತವರು ಏಳುವುದನ್ನು ನಂಬುತ್ತೇನೆ, ತಾಯಿಯಿಂದ ಮಗುವನ್ನು ಕದ್ದೊಯ್ಯುವವನಂತೆ ಬರುತ್ತಾನೆ ಎಂಬುದನ್ನು ನಂಬುವುದಿಲ್ಲ. ಪೌಲನ ಆ ಅಧ್ಯಾಯವನ್ನು ಇಬ್ಬರೂ ಓದಿದೆವು. ಮೈದುನ ಪಕ್ಕದಲ್ಲೇ ಕೂತು ಕೇಳಿದ. ಎತ್ತಲ್ಪಡುವುದರ ಬಗ್ಗೆ ತನ್ನ ಮಾತನ್ನು ಬಿಡಲಿಲ್ಲ. ಆದರೆ ಅವರ ಸಭೆಯ ಭಾನುವಾರದ ಶಾಲೆಯಲ್ಲಿ ಪಾಠ ಹೇಳುವವನು ಅವನೇ ಆದ್ದರಿಂದ ಒಂದನ್ನು ಕೇಳಿಕೊಂಡೆ: ಚಿಕ್ಕ ಮಕ್ಕಳಿಗೆ ಆ ಕೆಂಪು ಬಣ್ಣದ ಏಳು ವರ್ಷವನ್ನು ತೋರಿಸಬೇಡ, ಪ್ರಕಟನೆಯ 21ನೆಯ ಅಧ್ಯಾಯದಲ್ಲಿ ದೇವರು ಕಣ್ಣೀರನ್ನು ಒರಸುವ ವಚನದಿಂದ ಶುರುಮಾಡು. ಅವನು ಒಪ್ಪಿದ್ದಾನೆ. ನಮ್ಮ ಸ್ತ್ರೀಯರ ಅಧ್ಯಯನದಲ್ಲಿ ಈ ತಿಂಗಳು ಪ್ರಕಟನೆ ಓದುತ್ತಿದ್ದೇವೆ, ಐರೇನಿಯಸನ ಆ ಭಾಗವನ್ನು ಕನ್ನಡದಲ್ಲಿ ಬರೆದು ಪ್ರತಿ ಮಾಡಿಸಿಟ್ಟಿದ್ದೇನೆ.