ಸಿಂಗಾಪುರದ ತೋಟ, ಸುಳ್ಯದ ರಬ್ಬರ್

ಸಿಂಗಾಪುರದ ಬೊಟಾನಿಕ್ ಗಾರ್ಡನ್ಸ್ ನೋಡುವುದಿದ್ದರೆ ಬೆಳಿಗ್ಗೆಯೇ ಹೋಗಿ. ಗೇಟು 5ಕ್ಕೇ ತೆರೆಯುತ್ತದೆ, ಪ್ರವೇಶ ಉಚಿತ. ಹೊತ್ತೇರಿದರೆ ಸೆಕೆ, ಮಧ್ಯಾಹ್ನ ಗುಡುಗು ಮಳೆಯ ಕಾಟ. ನೇಪಿಯರ್ ಸ್ಟೇಷನ್ನಿನಲ್ಲಿ ಇಳಿದು ಟ್ಯಾಂಗ್ಲಿನ್ ಗೇಟಿನಿಂದ ಒಳಹೊಕ್ಕು, ಉತ್ತರದ ಬೊಟಾನಿಕ್ ಗಾರ್ಡನ್ಸ್ ಸ್ಟೇಷನ್ನಿನಲ್ಲಿ ಹೊರಬಿದ್ದರೆ ಬಂದ ದಾರಿಯನ್ನೇ ಮತ್ತೆ ತುಳಿಯಬೇಕಿಲ್ಲ. ಟಿಕೆಟ್ ಇರುವುದು ಆರ್ಕಿಡ್ ತೋಟಕ್ಕೆ ಮಾತ್ರ. ಅಲ್ಲಿನ ತಂಪು ಮನೆಯಿಂದ ಹೊರಬಂದ ಕೂಡಲೇ ತಣ್ಣಗಿನ ಲೆನ್ಸಿನ ಮೇಲೆ ಹೊರಗಿನ ತೇವ ಕೂತು ಮಬ್ಬಾಗುತ್ತದೆ. ಒರೆಸಿದರೆ ಮತ್ತೆ ಕೂರುತ್ತದೆ. ಕ್ಯಾಮೆರಾವನ್ನು ಹತ್ತು ನಿಮಿಷ ಚೀಲದಲ್ಲೇ ಬಿಡಿ.

ಆದರೆ ಈ ತೋಟದ ದೊಡ್ಡತನ ಹೂವಿಗಿಂತ ರಬ್ಬರಿನಲ್ಲಿದೆ ಅನ್ನಿಸುತ್ತದೆ. 1877ರಲ್ಲಿ ಲಂಡನ್ನಿನ ಕ್ಯೂ ತೋಟದಿಂದ ರಬ್ಬರ್ ಸಸಿಗಳು ಇಲ್ಲಿಗೆ ಬಂದವು. 1888ರಲ್ಲಿ ನಿರ್ದೇಶಕರಾಗಿ ಬಂದ ಹೆನ್ರಿ ರಿಡ್ಲಿ, ಮರಕ್ಕೆ ಪೆಟ್ಟಾಗದಂತೆ ಮತ್ತೆ ಮತ್ತೆ ರಬ್ಬರ್ ಹಾಲು ತೆಗೆಯುವ, ಅಂದರೆ ಟ್ಯಾಪಿಂಗ್ ಮಾಡುವ ಕ್ರಮವನ್ನು ಇಲ್ಲೇ ರೂಪಿಸಿದರು. ತೊಗಟೆಯಲ್ಲಿ ಓರೆಯಾಗಿ ಗೀರುವುದು. ಮುಂದಿನ ಸಲ ಹೊಸ ಗಾಯ ಮಾಡದೆ ಅದೇ ಗೀರಿನ ಅಂಚನ್ನು ತೆಳ್ಳಗೆ ಕೆತ್ತುವುದು. ಕತ್ತಿ ತುಸು ಆಳಕ್ಕಿಳಿದು ತೊಗಟೆಗೂ ಮರಕ್ಕೂ ನಡುವಿನ ಬೆಳೆಯುವ ಪದರಕ್ಕೆ ತಾಗಿದರೆ ಹೊಸ ತೊಗಟೆ ಗಂಟುಗಂಟಾಗಿ ಬರುತ್ತದೆ, ಮುಂದೆ ಆ ಜಾಗದಲ್ಲಿ ಟ್ಯಾಪಿಂಗ್ ಕಷ್ಟ. ಸುಳ್ಯ, ಬೆಳ್ತಂಗಡಿ ಕಡೆ ನಸುಕಿನಲ್ಲೇ ಟ್ಯಾಪಿಂಗಿಗೆ ಹೊರಡುವವರ ಕೈಯಲ್ಲಿರುವುದೂ ಇದೇ ವಿದ್ಯೆ. ಆರ್ಕಿಡ್ ಮುಗಿಸಿ ಕಾಲು ಸೋತರೂ ರಬ್ಬರ್ ಮರ ನೋಡದೆ ಬರಬೇಡಿ.